ಹಳೇ ಜಾಗದ ಆಧಾರ ಸ್ಕ್ಯಾನ್: ಮಡಿಕೆ ಕಪ್ಪು, ಸೀಲು ಮಾಯ

ಕುಂಬಳೆಯವ:
1948ರ ಜಾಗದ ಆಧಾರ (ಕಾರ್ಡಲ್ಲ ಮಾರಾಯ್ರೆ, ದಸ್ತಾವೇಜು). ಕನ್ನಡ ಕೈಬರಹ, ಛಾಪಾ ಕಾಗದದ ಎರಡೂ ಬದಿ ಬರೆದದ್ದು. 300 ಡಿಪಿಐ (ಇಂಚಿಗೆ 300 ಚುಕ್ಕೆ) ಬ್ಲ್ಯಾಕ್ ಅಂಡ್ ವೈಟ್ ಇಟ್ಟರೆ ಮಡಿಕೆ ಇದ್ದಲ್ಲೆಲ್ಲ ಕರಿ ಪಟ್ಟಿ, ನೇರಳೆ ಸೀಲು ಅರ್ಧ ಮಾಯ. ಬ್ರೈಟ್‌ನೆಸ್ ಏರಿಸಿದರೆ ಸಪೂರ ಗೆರೆಗಳೂ ಹೋಗುತ್ತವೆ. ಕಲರ್‌ನಲ್ಲಿ ಹಿಂಬದಿಯ ಬರಹ ಮೂಡುತ್ತದೆ. ಕಾಗದ 13 ಇಂಚು, ಗಾಜು ಎ4. ಯಾವ ಸೆಟ್ಟಿಂಗ್ ಸರಿ?

ಪೆರ್ಲ_ಪಿಕ್ಸೆಲ್:
ಬ್ಲ್ಯಾಕ್ ಅಂಡ್ ವೈಟ್ ಬಿಟ್ಟುಬಿಡಿ. ಅದರಲ್ಲಿ ಪ್ರತಿ ಚುಕ್ಕೆಯೂ ಒಂದೋ ಕಪ್ಪು, ಇಲ್ಲವೋ ಬಿಳಿ. ಮಾಸಿದ ಸೀಲಿಗೆ ಜಾಗವೇ ಇಲ್ಲ. 24 ಬಿಟ್ ಕಲರ್, 300 ಡಿಪಿಐ ಇಡಿ. ಆಟೋ ಎಕ್ಸ್‌ಪೋಶರ್, ಶಾರ್ಪನಿಂಗ್ ಎರಡೂ ಆಫ್.

ಹಿಂಬದಿಯ ಬರಹಕ್ಕೆ ಮದ್ದು ಸಾಫ್ಟ್‌ವೇರ್‌ನಲ್ಲಿಲ್ಲ. ಮುಚ್ಚಳದ ಬಿಳಿ ಹಾಸು ಕಾಗದ ದಾಟಿ ಬಂದ ಬೆಳಕನ್ನು ವಾಪಸ್ ಕಳಿಸುತ್ತದೆ, ಆಚೆಯ ಶಾಯಿ ನೆರಳಾಗಿ ಕಾಣುತ್ತದೆ. ಕಾಗದದ ಬೆನ್ನಿಗೆ ಮಸಿಕಪ್ಪು ಡ್ರಾಯಿಂಗ್ ಹಾಳೆ ಇಟ್ಟು ನೋಡಿ. ಇಡೀ ಪುಟ ತುಸು ಮಂಕಾಗುತ್ತದೆ, ಆದರೆ ಸಮನಾಗಿ.

ಆ ಮಂಕು ತೆಗೆಯುವುದು ಬ್ರೈಟ್‌ನೆಸ್‌ನಿಂದ ಅಲ್ಲ, ಲೆವೆಲ್ಸ್‌ನಿಂದ. ಬ್ರೈಟ್‌ನೆಸ್ ಕಾಗದವನ್ನೂ ಶಾಯಿಯನ್ನೂ ಒಟ್ಟಿಗೆ ಮೇಲೆತ್ತುತ್ತದೆ, ಸಪೂರ ಗೆರೆ ಹೋದದ್ದು ಅದಕ್ಕೇ. ಗಿಂಪ್ (ಚಿತ್ರ ತಿದ್ದುವ ಸಾಫ್ಟ್‌ವೇರ್) ತೆರೆದು ಲೆವೆಲ್ಸ್‌ಗೆ ಹೋದರೆ ಅಲ್ಲಿನ ಗ್ರಾಫ್‌ನಲ್ಲಿ ಬಲಗಡೆ ದೊಡ್ಡ ಗುಡ್ಡ ಕಾಣುತ್ತದೆ, ಅದು ಕಾಗದ. ಗ್ರಾಫ್ ಕೆಳಗಿನ ಬಿಳಿ ತ್ರಿಕೋನವನ್ನು ಆ ಗುಡ್ಡದ ಬಲ ತುದಿಗೆ ತನ್ನಿ. ತುದಿ 200ರಲ್ಲಿದ್ದರೆ 200. ನಡುವಿನ ತ್ರಿಕೋನವನ್ನು 0.85ರ ಸುಮಾರಿಗೆ ಇಳಿಸಿದರೆ ಗೆರೆ ಗಟ್ಟಿಯಾಗುತ್ತದೆ. ಕಾಗದ ಹಾಲಿನಷ್ಟು ಬೆಳ್ಳಗಾಗಬೇಕೆಂಬ ಹಟ ಬೇಡ.

ಮಳೆಗಾಲದ ಕಂದು ಕಲೆ ಇದ್ದರೆ ರೆಡ್ ಚಾನೆಲ್ (ಚಿತ್ರದ ಕೆಂಪು ಪಾಲು) ಮಾತ್ರ ಉಳಿಸಿಕೊಂಡು ಗ್ರೇಸ್ಕೇಲ್ (ಬರೀ ಬೂದು ಛಾಯೆ) ಮಾಡಿ, ಕಲೆ ಮುಕ್ಕಾಲು ಅಳಿಯುತ್ತದೆ.

ಅಡೂರು_ಅಡಿಟಿಪ್ಪಣಿ:
ರೆಡ್ ಚಾನೆಲ್ ಬಗ್ಗೆ ಒಂದು ಎಚ್ಚರಿಕೆ. ಕರಿ ಅಥವಾ ನೀಲಿ ಶಾಯಿಗೆ ಅದು ಸರಿ. ಆ ಕಾಲದ ಶಾಯಿ ಎಷ್ಟೋ ಸಲ ಕಬ್ಬಿಣದ್ದು, ಹಳತಾದಂತೆ ಕಂದಾಗುತ್ತದೆ. ರೆಡ್‌ನಲ್ಲಿ ಕಲೆಯ ಜೊತೆ ಅಕ್ಷರವೂ ಮಾಯ! ಅಂಥದಕ್ಕೆ ಗ್ರೀನ್ ನೋಡಿ. ನೇರಳೆ ಸೀಲೂ ಗ್ರೀನ್‌ನಲ್ಲೇ ಚೆನ್ನಾಗಿ ಕಪ್ಪಾಗುವುದು. ಮೂರೂ ಚಾನೆಲ್ ಬಿಡಿಸಿ ಪಕ್ಕಪಕ್ಕ ಇಟ್ಟು ಆಮೇಲೆ ಆರಿಸಿ.

ಮಡಿಕೆಯ ನೆರಳು: ಸ್ಕ್ಯಾನರ್ ದೀಪ ಗಾಜಿನ ಉದ್ದಕ್ಕೆ ಚಲಿಸುತ್ತದೆ. ದೀಪಕ್ಕೆ ಸಮಾನಾಂತರವಾದ ಮಡಿಕೆ ನೆರಳು ಬೀಳಿಸುತ್ತದೆ, ಲಂಬವಾದದ್ದು ಅಷ್ಟು ಬೀಳಿಸುವುದಿಲ್ಲ. ನಿಮ್ಮ ಮಡಿಕೆಗಳು ಅಡ್ಡ ಇದ್ದರೆ ಕಾಗದವನ್ನೇ ಅಡ್ಡ ಮಲಗಿಸಿ. ಗಾಜಿನ ಅಗಲ 8.5 ಇಂಚು, ಹಾಗಾಗಿ 13 ಇಂಚು ಎರಡು ತುಂಡಿನಲ್ಲಿ ಮುಗಿಯುತ್ತದೆ, ನಡುವೆ 4 ಇಂಚು ಎರಡರಲ್ಲೂ ಬರುತ್ತದೆ. ಜೋಡಿಸಲು ಅದು ಧಾರಾಳ. ಆಟೋ ಎಕ್ಸ್‌ಪೋಶರ್ ಆನ್ ಇದ್ದರೆ ಎರಡು ತುಂಡಿನ ಬಣ್ಣ ಬೇರೆಬೇರೆ ಬಂದು ಜೋಡಣೆ ಎದ್ದು ಕಾಣುತ್ತದೆ.

ಕುಂಬಳೆಯವ:
ಗ್ರೀನ್‌ನಲ್ಲಿ ಸೀಲು ಬಂತು, ಕರಿ ಹಾಳೆಯೂ ಕೆಲಸ ಮಾಡಿತು. ಇನ್ನು ಸೈಜ್. ಅಪ್‌ಲೋಡ್‌ಗೆ ಚಿಕ್ಕದು ಬೇಕು.

ಪೆರ್ಲ_ಪಿಕ್ಸೆಲ್:
ಎ4ನಷ್ಟು ಜಾಗ 300 ಡಿಪಿಐ ಕಲರ್‌ನಲ್ಲಿ ಕುಗ್ಗಿಸದೆ 26 ಎಮ್‌ಬಿ, 200 ಡಿಪಿಐ ಗ್ರೇಸ್ಕೇಲ್ ಆದರೆ 4ಕ್ಕೂ ಕಡಿಮೆ. ಕಲರ್ ಟಿಫ್ (ಗುಣಮಟ್ಟ ಕಳೆಯದ ಮೂಲ ಫೈಲು) ಮನೆಯಲ್ಲಿರಲಿ. ಅದರ ನಕಲನ್ನು 200ಕ್ಕೆ ಇಳಿಸಿ, ಗ್ರೇಸ್ಕೇಲ್ ಮಾಡಿ, ಜೆಪೆಗ್ ಗುಣಮಟ್ಟ 70ರಲ್ಲಿ ಪಿಡಿಎಫ್‌ಗೆ ಹಾಕಿ.

ಅಡೂರು_ಅಡಿಟಿಪ್ಪಣಿ:
ಪಿಡಿಎಫ್ ಕುಗ್ಗಿಸುವಾಗ ಜೆಬಿಐಜಿ2 ಲಾಸಿ (ವಿವರ ಕಳೆದು ಫೈಲು ಕುಗ್ಗಿಸುವ ಒಂದು ವಿಧಾನ) ಎಂದು ಕಂಡರೆ ಟಿಕ್ ತೆಗೆಯಿರಿ. ಒಂದೇ ಥರ ಕಾಣುವ ಅಕ್ಷರಗಳಿಗೆಲ್ಲ ಅದು ಒಂದೇ ಅಚ್ಚು ಬಳಸುತ್ತದೆ. 2013ರಲ್ಲಿ ಕೆಲವು ಕಾಪಿ ಯಂತ್ರಗಳು 6 ಇದ್ದಲ್ಲಿ 8 ಕೂರಿಸಿದ್ದು ಬಯಲಾದದ್ದು ಹೀಗೇ. ನಿಮ್ಮದರಲ್ಲಿ ಒಂದೇ ಥರ ಕಾಣುವ ೬, ೯ ಇರುತ್ತವೆ. ಸರ್ವೆ ನಂಬ್ರ, ಸೆಂಟ್ಸ್, ಚಕ್ಕುಬಂದಿ ಇರುವ ಸಾಲುಗಳನ್ನು 200% ಹಿಗ್ಗಿಸಿ ಮೂಲ ಕಾಗದದ ಜೊತೆ ಇಟ್ಟು ಓದಿ, ಆಮೇಲೆ ಕಳಿಸಿ.