ಬ್ರಿಟನ್ ಸಿಪಿಟಿಪಿಪಿಗೆ ಸೇರಿ ಗಳಿಸಿದ್ದೇನು?

ತಿಳಿನೀರು:
ಬ್ರೆಕ್ಸಿಟ್ ಬಗ್ಗೆ ಓದುತ್ತಾ ಓದುತ್ತಾ ಇಲ್ಲಿಗೆ ಬಂದು ನಿಂತಿದ್ದೇನೆ. ಪಕ್ಕದಲ್ಲೇ ಇದ್ದ ಯುರೋಪಿನ ಒಕ್ಕೂಟ ಬಿಟ್ಟ ದೇಶ ಪೆಸಿಫಿಕ್ ಸಾಗರದ ಸುತ್ತಲಿನ ದೇಶಗಳ ಸಿಪಿಟಿಪಿಪಿ ಎಂಬ ವ್ಯಾಪಾರ ಒಪ್ಪಂದಕ್ಕೆ ಸೇರಿಕೊಂಡಿದೆ. 2021ರ ಫೆಬ್ರವರಿಯಲ್ಲಿ ಅರ್ಜಿ, 2023ರ ಜುಲೈನಲ್ಲಿ ಆಕ್ಲೆಂಡ್‌ನಲ್ಲಿ ಸಹಿ, ಜಾರಿಗೆ ಬಂದದ್ದು 2024ರ ಡಿಸೆಂಬರ್ 15ಕ್ಕೆ. ಹತ್ತಿರ ಹತ್ತಿರ ನಾಲ್ಕು ವರ್ಷ! ಆದರೆ 2021ರಲ್ಲಿ ಅಲ್ಲಿನ ಸರ್ಕಾರವೇ ಹಾಕಿದ ಲೆಕ್ಕದ ಪ್ರಕಾರ ಜಿಡಿಪಿಗೆ ಸೇರುವುದು ಬರೀ ಶೇ. 0.08, ಅದೂ ಎಷ್ಟೋ ವರ್ಷ ಕಳೆದ ಮೇಲೆ. ಇಷ್ಟಕ್ಕೆ ಅಷ್ಟೆಲ್ಲ ಓಡಾಟ ಯಾಕೆ? ಇನ್ನೊಂದು ಪ್ರಶ್ನೆ: ಹೀಗೆ ನಡುವೆ ಸೇರುವ ದೇಶ ತನ್ನ ಷರತ್ತು ಹಾಕಬಹುದಾ, ಇಲ್ಲಾ ಮುಂದಿಟ್ಟ ಕಾಗದಕ್ಕೆ ಸಹಿ ಹಾಕಬೇಕಾ?

ಕಡಲದಾರಿ:
ಎರಡನೇ ಪ್ರಶ್ನೆ ಸುಲಭ. ನಿಯಮಗಳ ಪುಸ್ತಕವನ್ನು ಮುಟ್ಟುವ ಹಾಗಿಲ್ಲ. ಅದನ್ನು 11 ದೇಶಗಳು ಬರೆದು 2018ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೋದಲ್ಲಿ ಸಹಿ ಹಾಕಿ ಮುಗಿಸಿದ್ದವು. (ಅದಕ್ಕೂ ಮೊದಲು ಅಮೆರಿಕವೂ ಇತ್ತು. ಅದು 2017ರಲ್ಲಿ ಹೊರಗೆ ಹೋದ ಮೇಲೆ ಉಳಿದವರು 22 ಅಂಶಗಳನ್ನು ಬದಿಗಿಟ್ಟು ಮುಂದುವರಿದರು.) ಹೊಸಬರು ಚೌಕಾಸಿ ಮಾಡಬಹುದಾದದ್ದು ಯಾವ ಸರಕಿಗೆ ಎಷ್ಟು ಸುಂಕ, ಎಷ್ಟು ವರ್ಷದಲ್ಲಿ ಇಳಿಕೆ ಅನ್ನುವಂಥ, ಮಾರುಕಟ್ಟೆ ಎಷ್ಟು ತೆರೆಯಬೇಕು ಅನ್ನುವ ವಿಷಯಗಳ ಬಗ್ಗೆ. ಅಲ್ಲೂ ಹಳೆಯ ಸದಸ್ಯರೆಲ್ಲರೂ ಒಪ್ಪಬೇಕು. ಹಾಗಾಗಿ ಬೇಗ ಬಂದವರದ್ದೇ ಕೈ ಮೇಲು, ಇದನ್ನು ಯಾರೂ ಮುಚ್ಚಿಟ್ಟಿಲ್ಲ.

ಹಳೆಯ ನಕಾಶೆ:
0.08 ಯಾಕೆ ಅಷ್ಟು ಚಿಕ್ಕದು ಅಂದರೆ, ಆ 11ರಲ್ಲಿ 9 ದೇಶಗಳ ಜೊತೆ ಬ್ರಿಟನ್‌ಗೆ ಬೇರೆ ಬೇರೆ ಒಪ್ಪಂದ ಆಗಲೇ ಇತ್ತು. ಹೊಸದಾಗಿ ಸಿಕ್ಕಿದ್ದು ಮಲೇಷ್ಯಾ, ಬ್ರೂನೈ ಎರಡೇ. ಮಲೇಷ್ಯಾ ವಿಸ್ಕಿ ಮೇಲೆ ಹಾಕುತ್ತಿದ್ದ ಶೇ. 80ರಷ್ಟು ಸುಂಕ ಹತ್ತು ವರ್ಷದಲ್ಲಿ ಸೊನ್ನೆಗೆ ಇಳಿಯುತ್ತದೆ, ಸ್ಕಾಟ್ಲೆಂಡ್‌ನವರಿಗೆ ಅದು ದೊಡ್ಡದೇ.

ಆದರೆ ನನಗೆ ಮುಖ್ಯ ಅನಿಸುವುದು ಸುಂಕ ಅಲ್ಲ, ಸರಕಿನ ಮೂಲದ ನಿಯಮ, ಅಂದರೆ ಸುಂಕದ ರಿಯಾಯಿತಿ ಸಿಗಲು ಸರಕು ಎಲ್ಲಿ ತಯಾರಾಗಿರಬೇಕು ಅನ್ನುವುದು. ಇಬ್ಬರ ಒಪ್ಪಂದದಲ್ಲಿ ಸಾಮಾನ್ಯವಾಗಿ ಆ ಎರಡು ದೇಶಗಳಲ್ಲಿ ಮಾಡಿದ ಬಿಡಿಭಾಗ ಮಾತ್ರ ಲೆಕ್ಕಕ್ಕೆ. ಇಲ್ಲಿ ಎಲ್ಲ ಸದಸ್ಯರದ್ದೂ ಒಟ್ಟಿಗೆ ಲೆಕ್ಕ. ಇಂಗ್ಲೆಂಡಿನಲ್ಲಿ ಮಾಡಿದ ಬಿಡಿಭಾಗ ವಿಯೆಟ್ನಾಂಗೆ ಹೋಗಿ ಯಂತ್ರದೊಳಗೆ ಸೇರಿ, ಆ ಯಂತ್ರ ಆಸ್ಟ್ರೇಲಿಯಾಕ್ಕೆ ಹೊರಟರೂ ಆ ಬಿಡಿಭಾಗ 'ಒಳಗಿನವರದ್ದು' ಅಂತಲೇ ಎಣಿಕೆಯಾಗುತ್ತದೆ. ಬಿಡಿಭಾಗ ಮಾಡುವ ಸಣ್ಣ ಕಾರ್ಖಾನೆಗೆ ಇದು ನಿಜವಾದ ಬಾಗಿಲು.

ಬೆಳಗು:
ಬಾಗಿಲು ಸರಿ, ಆದರೆ ಅದರಲ್ಲಿ ಒಳಗೆ ಬರುವುದನ್ನೂ ನೋಡಿ. ಮಲೇಷ್ಯಾದ ತಾಳೆ ಎಣ್ಣೆ ಮೇಲಿನ ಸುಂಕವನ್ನು ಬ್ರಿಟನ್ ಸೊನ್ನೆ ಮಾಡಿತು. ಕಾಡು ಕಡಿದು ತಾಳೆ ನೆಡುವ ಬಗ್ಗೆ ಬ್ರಿಟನ್‌ನಲ್ಲಿ ಎಷ್ಟೊಂದು ಜನ ಕಳವಳ ಪಟ್ಟರು, ಅದು ನನಗೂ ನೋವಿನ ವಿಷಯ. ಮತ್ತೆ ವಿದೇಶಿ ಕಂಪನಿ ಸರ್ಕಾರವನ್ನೇ ನ್ಯಾಯಮಂಡಳಿಗೆ ಎಳೆಯುವ ಅವಕಾಶವೂ ಈ ಒಪ್ಪಂದದಲ್ಲಿದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಜೊತೆ ಪತ್ರ ಬರೆದುಕೊಂಡು ಅದನ್ನು ತಪ್ಪಿಸಿಕೊಂಡರು, ಎಲ್ಲರ ಜೊತೆ ಆಗಲಿಲ್ಲ.

ತಿಳಿನೀರು:
ಧನ್ಯವಾದ, ಈಗ ಅರ್ಥ ಆಯಿತು. ಆದರೆ ಹಳೆಯ ಸದಸ್ಯರಾದ ಕೆನಡಾ, ಮೆಕ್ಸಿಕೋ ಬ್ರಿಟನ್ ಜೊತೆ ಒಪ್ಪಂದ ಜಾರಿಯಾದ ಮೊದಲ ದಿನದ ಪಟ್ಟಿಯಲ್ಲಿ ಇರಲಿಲ್ಲವಲ್ಲ, ಎಲ್ಲರೂ ಒಪ್ಪಬೇಕು ಅಂದಿರಿ?

ಕಡಲದಾರಿ:
ಸೇರಿಸಿಕೊಳ್ಳಲು ಎಲ್ಲರೂ ಒಪ್ಪಿ ಸಹಿ ಹಾಕಿದರು. ಆಮೇಲೆ ಪ್ರತಿ ದೇಶವೂ ತನ್ನ ಮನೆಯೊಳಗೆ ಅದಕ್ಕೆ ಅಂಗೀಕಾರ ಕೊಡಬೇಕು, ಅದು ಬೇರೆ ಹೆಜ್ಜೆ. ಸಹಿ ಆಗಿ 15 ತಿಂಗಳಾದ ಮೇಲೆ ಬ್ರಿಟನ್ ಜೊತೆ ಕನಿಷ್ಠ 6 ದೇಶ ಅದನ್ನು ಮುಗಿಸಿದ್ದರೆ ಸಾಕು, 60 ದಿನದಲ್ಲಿ ಜಾರಿ. ಡಿಸೆಂಬರ್ 15 ಬಂದದ್ದು ಹಾಗೆ. ಅಂಗೀಕಾರ ಕೊಡದ ದೇಶಕ್ಕೂ ಬ್ರಿಟನ್‌ಗೂ ನಡುವೆ ಅದು ಜಾರಿ ಆಗುವುದಿಲ್ಲ. ಕೆನಡಾದ ಜೊತೆ ಚೀಸ್, ಗೋಮಾಂಸದ ಜಗಳ ಬೇರೆ ಇತ್ತು. 2024ರ ಜನವರಿಯಲ್ಲಿ ಆ ಇಬ್ಬರ ಪ್ರತ್ಯೇಕ ಮಾತುಕತೆಯೇ ನಿಂತುಹೋಯಿತು. ಹಾರ್ಮೋನ್ ಕೊಟ್ಟು ಬೆಳೆಸಿದ ಪ್ರಾಣಿಯ ಮಾಂಸ ಬೇಡ ಅನ್ನುವ ಮಾತನ್ನು ಬ್ರಿಟನ್ ಬಿಡಲಿಲ್ಲ. ಸರಿಯಾಗಿಯೇ ಮಾಡಿದರು ಅಂತ ನನ್ನ ಅಭಿಪ್ರಾಯ.

ಹಳೆಯ ನಕಾಶೆ:
ಒಂದು ಮಾತು ಬಿಟ್ಟುಹೋಯಿತು. ಚೀನಾ, ತೈವಾನ್ ಎರಡೂ 2021ರ ಸೆಪ್ಟೆಂಬರ್‌ನಲ್ಲಿ, ಕೆಲವೇ ದಿನಗಳ ಅಂತರದಲ್ಲಿ ಅರ್ಜಿ ಹಾಕಿವೆ. ಒಬ್ಬ ಸದಸ್ಯ 'ಬೇಡ' ಅಂದರೂ ಅರ್ಜಿ ಮುಂದೆ ಹೋಗುವುದಿಲ್ಲ. ಬ್ರಿಟನ್ ಈಗ ಆ ಮೇಜಿನ ಸುತ್ತ ಕೂತಿರುವ ಹನ್ನೆರಡನೆಯದು. ಜಿಡಿಪಿಯ ಲೆಕ್ಕದಲ್ಲಿ ಈ ಕುರ್ಚಿಗೆ ಬೆಲೆ ಹಾಕಿಲ್ಲ.