ಮೊಬೈಲಿನಲ್ಲಿ ಕನ್ನಡ ಇ-ಪುಸ್ತಕ ಓದಲು ಯಾವ ಆ್ಯಪ್ ಆರಿಸಿಕೊಳ್ಳಬೇಕು?

ತುಂಗಾತೀರ:
ನನ್ನ ತಾಯಿಗೆ 71 ವರ್ಷ. ಶಿವಮೊಗ್ಗದಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಮೇಷ್ಟ್ರಾಗಿದ್ದು ನಿವೃತ್ತರಾದವರು. ಎರಡೂ ಕಣ್ಣುಗಳ ಪೊರೆ ತೆಗೆಸಿದ ಮೇಲೆ ದೂರದ್ದು ಚೆನ್ನಾಗಿ ಕಾಣುತ್ತಿದೆಯಾದರೂ, ಹಳೆಯ ಕಾದಂಬರಿಗಳ ಸಣ್ಣ ಅಚ್ಚನ್ನು ಹತ್ತು ನಿಮಿಷ ಓದುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಆರೂವರೆ ಇಂಚಿನ ಆಂಡ್ರಾಯ್ಡ್ ಫೋನ್ ಅವರ ಬಳಿ ಇದೆ. ನಮ್ಮಲ್ಲಿರುವ ಪುಸ್ತಕಗಳು ಮೂರು ಬಗೆಯವು: ಮೈಲ್ಯಾಂಗ್ ಆ್ಯಪಿನಲ್ಲಿ ಕೊಂಡ ಕೆಲವು, ಅಂತರಜಾಲದಿಂದ ಇಳಿಸಿಕೊಂಡ ಹಳೆಯ ಪುಸ್ತಕಗಳ ಪಿಡಿಎಫ್‌ಗಳು, ಹಳೆಯ ಕೃತಿಗಳ ಮುಕ್ತ ತಾಣವಾದ ಕನ್ನಡ ವಿಕಿಸೋರ್ಸ್‌ನಿಂದ ಪಡೆದ ನಾಲ್ಕಾರು ಇ-ಪಬ್ ಕಡತಗಳು. ಇವೆಲ್ಲವನ್ನೂ ಒಂದೇ ಕಡೆ, ದೊಡ್ಡ ಅಕ್ಷರದಲ್ಲಿ, ಅವರೇ ತೆರೆದುಕೊಂಡು ಓದುವಂಥ ಆ್ಯಪ್ ಯಾವುದು ಎಂದು ಅನುಭವಿಗಳು ತಿಳಿಸಬೇಕೆಂದು ಕೋರುತ್ತೇನೆ.

ಅಕ್ಷರಬಳ್ಳಿ:
ತುಂಗಾತೀರ ಅವರೇ, ಆ್ಯಪ್ ಯಾವುದೆಂದು ಕೇಳುವ ಮೊದಲು ಕಡತ ಯಾವುದೆಂದು ನೋಡಬೇಕು. ಪಿಡಿಎಫ್ ಎಂದರೆ ಅಚ್ಚಾದ ಪುಟದ ಪಡಿಯಚ್ಚು. ಡೆಮಿ ಅಳತೆಯ ಪುಟವನ್ನು ಅಂಗೈಯಗಲದ ಪರದೆಗೆ ಇಳಿಸಿದಾಗ ಅಕ್ಷರ ಸಾಸಿವೆಯಷ್ಟಾಗುತ್ತದೆ, ಹಿಗ್ಗಿಸಿದರೆ ಪ್ರತಿ ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಎಳೆದಾಡಬೇಕಾಗುತ್ತದೆ. ಇ-ಪಬ್ ಹಾಗಲ್ಲ. ಅಕ್ಷರವನ್ನು ಎಷ್ಟು ದೊಡ್ಡದು ಮಾಡಿದರೂ ಸಾಲುಗಳು ಪರದೆಯ ಅಗಲಕ್ಕೆ ತಕ್ಕಂತೆ ತಾವೇ ಮುರಿದುಕೊಳ್ಳುತ್ತವೆ. ತಾಯಿಯವರ ಕಣ್ಣಿಗೆ ಬೇಕಾದದ್ದು ಇದೇ.

ನಾನು ರೀಡ್‌ಎರಾ ಸೂಚಿಸುತ್ತೇನೆ. ಖಾತೆ ತೆರೆಯಬೇಕಿಲ್ಲ, ಜಾಹೀರಾತಿಲ್ಲ, ಇ-ಪಬ್ ಮತ್ತು ಪಿಡಿಎಫ್ ಎರಡನ್ನೂ ತೆರೆಯುತ್ತದೆ. ಆದರೆ ಯಾವ ಆ್ಯಪ್ ಹಾಕಿಕೊಂಡರೂ ಎರಡು ಹೊಂದಿಕೆಗಳನ್ನು ಮೊದಲ ದಿನವೇ ಮಾಡಿಬಿಡಿ. ಒಂದು, ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗೆಂದು ಇಟ್ಟ ಅಂತರ ನಮ್ಮ ಲಿಪಿಗೆ ಸಾಲದು. ‘ರಾಷ್ಟ್ರ’ ಎಂಬ ಪದದಲ್ಲಿ ಷಕಾರದ ಕೆಳಗೆ ಎರಡು ಒತ್ತುಗಳು ಕೂರಬೇಕು, ಅವು ಕೆಳಗಿನ ಸಾಲಿನ ಗುಡಿಸು, ತಲಕಟ್ಟುಗಳಿಗೆ ತಾಗಿದರೆ ಎರಡು ಸಾಲೂ ಕಲಸಿದಂತೆ ಕಾಣುತ್ತವೆ. ಎರಡು, ಸಾಲುಗಳನ್ನು ಎರಡೂ ಅಂಚಿಗೆ ಸಮ ಮಾಡುವ ಆಯ್ಕೆಯನ್ನು ತೆಗೆದು ಎಡಕ್ಕೆ ಮಾತ್ರ ಹೊಂದಿಸಿ. ‘ಮಾಡಿಕೊಳ್ಳಬೇಕಾಗಿರುವುದರಿಂದ’ ಎಂಬ ಒಂದೇ ಪದ ದೊಡ್ಡ ಅಕ್ಷರದಲ್ಲಿ ಇಡೀ ಸಾಲನ್ನು ನುಂಗುತ್ತದೆ. ಅದು ಮುಂದಿನ ಸಾಲಿಗೆ ಜಾರಿದಾಗ, ಹಿಂದಿನ ಸಾಲಿನಲ್ಲಿ ಉಳಿದ ಎರಡು ಪದಗಳ ನಡುವೆ ಬಂಡಿ ಹೋಗುವಷ್ಟು ಜಾಗ ಬೀಳುತ್ತದೆ. ಓದುವವರ ಕಣ್ಣು ದಣಿಯುವುದು ಬಹಳ ಮಟ್ಟಿಗೆ ಇಂಥ ಕಡೆಯೇ.

ಕಿರುಪ್ರಕಾಶಕ:
ವರ್ಷಕ್ಕೆ ಏಳೆಂಟು ಪುಸ್ತಕ ಹೊರತರುವ ಪ್ರಕಾಶಕನಾಗಿ ಒಂದು ಮಾತು ಸೇರಿಸುತ್ತೇನೆ. ‘ಅಂತರಜಾಲದಿಂದ ಇಳಿಸಿಕೊಂಡ ಪಿಡಿಎಫ್’ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ನಮ್ಮ ದೇಶದ ಕಾನೂನಿನಂತೆ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಉಳಿದಿರುತ್ತದೆ. ಅದು ಮುಗಿದ ಪುಸ್ತಕಗಳನ್ನು ಯಾರು ಬೇಕಾದರೂ ಓದಲಿ, ಹಂಚಲಿ. ಆದರೆ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಕಡತಗಳಲ್ಲಿ ಎಷ್ಟೋ ಪುಸ್ತಕಗಳ ಲೇಖಕರು ನಮ್ಮ ನಡುವೆ ಬದುಕಿದ್ದಾರೆ.

ಅಮೆಜಾನ್ ಸಂಸ್ಥೆ 2016ರ ಡಿಸೆಂಬರ್‌ನಲ್ಲಿ ತನ್ನ ಇ-ಪುಸ್ತಕ ವೇದಿಕೆಯಾದ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಎಂಬ ಐದು ಭಾಷೆಗಳಿದ್ದವು. ಕನ್ನಡ ಆ ಪಟ್ಟಿಯಲ್ಲಿರಲಿಲ್ಲ. ಮೈಲ್ಯಾಂಗ್, ವಿವಿಡ್ಲಿಪಿಯಂಥ ಕನ್ನಡದವರೇ ಕಟ್ಟಿದ ವೇದಿಕೆಗಳು ನಮಗೆ ಆಸರೆಯಾದದ್ದು ಇಂಥ ಸನ್ನಿವೇಶದಲ್ಲಿ. ಆದ್ದರಿಂದ ಮಳಿಗೆಯ ಆ್ಯಪನ್ನು ಬದಿಗಿಟ್ಟು ಬರೀ ಓದುವ ಆ್ಯಪನ್ನು ಹೊಗಳುವುದು ಸರಿಯಲ್ಲ. ಒಂದು ಪುಸ್ತಕ ಕೊಂಡರೆ ಲೇಖಕರಿಗೂ ಒಂದು ಪಾಲು ತಲುಪುತ್ತದೆ.

ಹಳೇ ಓದುಗ:
ಪ್ರಕಾಶಕರ ನೋವು ನನಗೆ ಅರ್ಥವಾಗುತ್ತದೆ, ಆದರೆ ಕೊಂಡು ಓದಿದವನ ಪಾಡನ್ನೂ ಕೇಳಿ. ಕೆಲವು ವರ್ಷಗಳ ಹಿಂದೆ ಒಂದು ಆ್ಯಪಿನಲ್ಲಿ ನಲವತ್ತಕ್ಕೂ ಹೆಚ್ಚು ಕನ್ನಡ ಪುಸ್ತಕಗಳನ್ನು ಹಣ ಕೊಟ್ಟು ಪಡೆದಿದ್ದೆ. ಆ ಸಂಸ್ಥೆ ಪುಸ್ತಕ ವ್ಯಾಪಾರವನ್ನೇ ಕೈಬಿಟ್ಟಿತು. ಹೊಸ ಫೋನಿನಲ್ಲಿ ಅದೇ ಆ್ಯಪ್ ಹಾಕಿಕೊಂಡು ನೋಡಿದರೆ ನನ್ನ ಕಪಾಟು ಖಾಲಿ. ಅರ್ಧ ಓದಿ ಗುರುತಿಟ್ಟಿದ್ದ ಕಾದಂಬರಿಯೊಂದರ ಉಳಿದರ್ಧವನ್ನು ಕಡೆಗೆ ಗ್ರಂಥಾಲಯದಲ್ಲಿ ಓದಿ ಮುಗಿಸಿದೆ.

ದೊಡ್ಡ ಕಂಪನಿಯಾದರೆ ಹೀಗಾಗದು ಎಂದುಕೊಳ್ಳಬೇಡಿ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕ ಮಳಿಗೆಯನ್ನು ಮುಚ್ಚಿದಾಗ ಕೊಂಡ ಪುಸ್ತಕಗಳೆಲ್ಲ ತೆರೆಯದಂತಾದವು. ಹಣವನ್ನೇನೋ ಪೂರ್ತಿ ಹಿಂದಿರುಗಿಸಿದರು, ಪುಟದಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ 25 ಡಾಲರ್ ಹೆಚ್ಚಿಗೆ ಕೊಟ್ಟರು. ಟಿಪ್ಪಣಿಗಳು ಮಾತ್ರ ಹೋದವು. ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಯುಎಸ್‌ಬಿ ಮೂಲಕ ಸಾಗಿಸುತ್ತಿದ್ದ ಸೌಲಭ್ಯವನ್ನು ಅಮೆಜಾನ್ 2025ರ ಫೆಬ್ರವರಿಯಲ್ಲಿ ತೆಗೆದುಹಾಕಿತು. ನಕಲಾಗದಂತೆ, ಬೇರೆ ಕಡೆ ತೆರೆಯದಂತೆ ತಂತ್ರಾಂಶದ ಬೀಗ ಹಾಕಿದ ಪುಸ್ತಕವು ಆ ಮಳಿಗೆ ತೆರೆದಿರುವಷ್ಟು ದಿನ ಮಾತ್ರ ನಮ್ಮದು. ಹಾಗಾಗಿ ಕಡತ ಕೈಗೆ ಸಿಗುವ ಕಡೆ ಕೊಳ್ಳಬೇಕು, ಯಾವ ಆ್ಯಪಿನಲ್ಲಾದರೂ ಓದುವಂತಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಕಿವಿಯೋದು:
ನನಗೆ ಹುಟ್ಟಿನಿಂದ ದೃಷ್ಟಿಯಿಲ್ಲ. ಪರದೆಯಲ್ಲಿರುವುದನ್ನು ಓದಿ ಹೇಳುವ ಫೋನಿನ ಟಾಕ್‌ಬ್ಯಾಕ್ ಸೌಲಭ್ಯ ಮತ್ತು ಗೂಗಲ್‌ನ ಕನ್ನಡ ದನಿಯ ನೆರವಿನಿಂದ ಪುಸ್ತಕಗಳನ್ನು ಕೇಳುತ್ತೇನೆ. ಈ ಚರ್ಚೆಯಲ್ಲಿ ಒಂದು ಮುಖ್ಯ ಸಂಗತಿ ಬಿಟ್ಟುಹೋಗಿದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ನನ್ನ ಪಾಲಿಗೆ ಬಿಳಿ ಹಾಳೆ. ಅದರಲ್ಲಿರುವುದು ಚಿತ್ರ, ಪಠ್ಯವಲ್ಲ. ಇನ್ನು ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಅಕ್ಷರ ಜೋಡಿಸಿ ಮಾಡಿದ ಪಿಡಿಎಫ್ ಕಣ್ಣಿಗೆ ಅಚ್ಚುಕಟ್ಟಾಗಿ ಕಾಣುತ್ತದೆಯಂತೆ. ಒಳಗಿರುವುದು ಯೂನಿಕೋಡ್, ಅಂದರೆ ಎಲ್ಲ ಯಂತ್ರಗಳೂ ಗುರುತಿಸುವ ಸಂಕೇತಗಳ ಕನ್ನಡವಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ‘ಮನೆ’ ಎಂದಿರುವ ಕಡೆ ಯಂತ್ರದ ದನಿ ಯಾವುದೋ ಅರ್ಥವಿಲ್ಲದ ಸದ್ದು ಹೊರಡಿಸುತ್ತದೆ. ಕಣ್ಣಿರುವವರೂ ಅಂಥ ಕಡತದಲ್ಲಿ ಒಂದು ಪದವನ್ನು ಹುಡುಕಿ ನೋಡಲಿ, ಒಂದೂ ಸಿಗುವುದಿಲ್ಲ.

ಆಮೇಲೆ ಬೀಗದ ಮಾತು. ನಕಲಾಗದಿರಲೆಂದು ಪುಟವನ್ನು ಮುಚ್ಚಿಡುವಾಗ, ಪುಟದ ಮೇಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್‌ಗೂ ಪಠ್ಯ ಸಿಗದಂತೆ ಮಾಡುವ ಆ್ಯಪ್‌ಗಳಿವೆ. ನಾನು ಹಣ ಕೊಟ್ಟು ಕೊಂಡ ಪುಸ್ತಕದಲ್ಲಿ ‘ಪುಟ 12’ ಎಂದಷ್ಟೇ ಕೇಳಿಸಿ ಸುಮ್ಮನಾದ ದಿನ ನನಗಾದ ದುಃಖ ದೊಡ್ಡದು. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ತಿದ್ದುಪಡಿಯಾದ ಮೇಲೆ ನಮ್ಮಂಥವರಿಗೆ ನಿಲುಕುವ ರೂಪಕ್ಕೆ ಪುಸ್ತಕವನ್ನು ಪರಿವರ್ತಿಸಿಕೊಳ್ಳಲು ಅವಕಾಶವಿದೆ, ಅಂಥ ಪುಸ್ತಕಗಳಿಗೆಂದೇ 2016ರಲ್ಲಿ ಆರಂಭವಾದ ಸುಗಮ್ಯ ಪುಸ್ತಕಾಲಯವೆಂಬ ಅಂತರಜಾಲ ಗ್ರಂಥಾಲಯವೂ ಇದೆ. ಆದರೂ ಹೊಸ ಪುಸ್ತಕವನ್ನು ಎಲ್ಲರೊಂದಿಗೆ ಅದೇ ದಿನ ಓದುವ ಆಸೆ ನನಗೂ ಇರುತ್ತದೆಯಲ್ಲವೇ? ತುಂಗಾತೀರ ಅವರೇ, ತಾಯಿಯವರಿಗೆ ಕಣ್ಣು ದಣಿದಾಗ ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ ರೀಡ್‌ಎರಾದಲ್ಲಿದೆ. ಫೋನಿನಲ್ಲಿ ಕನ್ನಡ ದನಿಯನ್ನು ಮೊದಲೇ ಇಳಿಸಿಟ್ಟಿರಿ.

ಟೊರಾಂಟೊ ಕನ್ನಡಿಗ:
ಊರಿನಿಂದ ಒಂದು ಪುಸ್ತಕ ತರಿಸಿದರೆ ಅಂಚೆ ವೆಚ್ಚವೇ ಪುಸ್ತಕದ ಬೆಲೆಯನ್ನು ಮೀರುವ ಕಡೆ ಇರುವ ನಮಗೆ ಇ-ಪುಸ್ತಕವೇ ಗತಿ. ನಾನು ಬಳಸುವುದು ಕೆಒರೀಡರ್. ಇದು ಮುಕ್ತ ತಂತ್ರಾಂಶ. ಆಂಡ್ರಾಯ್ಡ್ ಫೋನಿನಲ್ಲಷ್ಟೇ ಅಲ್ಲ, ಕೋಬೋದಂಥ ಓದುಗ ಸಾಧನಗಳಲ್ಲಿಯೂ ನಡೆಯುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಪುಟದ ಚಿತ್ರದಿಂದ ಪದಗಳನ್ನು ಕತ್ತರಿಸಿ, ಹಿಗ್ಗಿಸಿ, ಪರದೆಯ ಅಗಲಕ್ಕೆ ಮರುಜೋಡಿಸುವ ವ್ಯವಸ್ಥೆ ಇದರಲ್ಲಿದೆ. ನಮಗಿಷ್ಟವಾದ ಕನ್ನಡ ಫಾಂಟನ್ನು ಅದರ ಫೋಲ್ಡರಿಗೆ ಹಾಕಿಕೊಂಡು ಓದಬಹುದು. ಸ್ಟಾರ್‌ಡಿಕ್ಟ್ ಮಾದರಿಯ ನಿಘಂಟನ್ನು ಜೋಡಿಸಿದರೆ, ಪದದ ಮೇಲೆ ಬೆರಳೊತ್ತಿದೊಡನೆ ಅರ್ಥ ಕಾಣುತ್ತದೆ.

ನಿಘಂಟಿನ ವಿಷಯದಲ್ಲಿ ಒಂದು ತೊಡಕಿದೆ. ‘ಮನೆಯಲ್ಲಿ’ ಎಂಬ ಪದವನ್ನು ಒತ್ತಿದರೆ ಆ್ಯಪ್ ನಿಘಂಟಿನಲ್ಲಿ ‘ಮನೆಯಲ್ಲಿ’ ಎಂದೇ ಹುಡುಕುತ್ತದೆ, ನಿಘಂಟಿನಲ್ಲಿರುವುದು ‘ಮನೆ’. ವಿಭಕ್ತಿಯನ್ನು ಕೈಯಾರೆ ಅಳಿಸಿ ಮತ್ತೆ ಹುಡುಕಬೇಕು. ಹಳಗನ್ನಡದ ಪದ ಸಿಕ್ಕಾಗ ಇಷ್ಟು ಶ್ರಮ ಪಟ್ಟರೂ ನಷ್ಟವಿಲ್ಲ ಎಂಬುದು ನನ್ನ ಅನುಭವ.

ಅಕ್ಷರಬಳ್ಳಿ:
ಟೊರಾಂಟೊ ಕನ್ನಡಿಗರೇ, ಕೆಒರೀಡರ್ ಶಕ್ತಿವಂತ ಆ್ಯಪ್ ಎಂಬುದನ್ನು ಒಪ್ಪುತ್ತೇನೆ. ಆದರೆ ಅದರ ಆಯ್ಕೆಗಳ ಕಾಡಿನಲ್ಲಿ 71 ವರ್ಷದವರನ್ನು ಒಂಟಿಯಾಗಿ ಬಿಡುವುದು ಸರಿಯೆನಿಸುವುದಿಲ್ಲ. ತಪ್ಪಿ ಪರದೆಯ ಮೂಲೆ ತಾಕಿದರೆ ಬೇರೇನೋ ತೆರೆದುಕೊಳ್ಳುತ್ತದೆ. ಮರುಜೋಡಣೆಯೂ ಕನ್ನಡದ ಪುಟಕ್ಕೆ ಪೂರ್ತಿ ಒಗ್ಗುವುದಿಲ್ಲ. ಮಾಸಿದ ಹಳೆಯ ಪುಟಗಳಲ್ಲಿ ಒತ್ತಕ್ಷರವು ತನ್ನ ಅಕ್ಷರದಿಂದ ಬೇರ್ಪಟ್ಟು ಕೆಳಗಿನ ಸಾಲಿನ ನೆತ್ತಿಗೆ ಅಂಟಿಕೊಂಡದ್ದನ್ನು ನಾನೇ ನೋಡಿದ್ದೇನೆ. ಪಿಡಿಎಫ್‌ಗಳ ಮಟ್ಟಿಗೆ ಸುಲಭದ ದಾರಿಯೆಂದರೆ ಪುಟದ ಸುತ್ತಲಿನ ಖಾಲಿ ಅಂಚನ್ನು ಕತ್ತರಿಸುವ ಆಯ್ಕೆ ಒತ್ತಿ, ಫೋನನ್ನು ಅಡ್ಡ ಹಿಡಿದು, ಮೇಲಿನಿಂದ ಕೆಳಕ್ಕೆ ಸರಿಸುತ್ತ ಓದುವುದು.

ಇನ್ನೊಂದು ಮಾತು. ಯಾವ ಆ್ಯಪನ್ನಾದರೂ ನೆಚ್ಚಿಕೊಳ್ಳುವ ಮುನ್ನ ಕೆಲವು ಪದಗಳಿಂದ ಪರೀಕ್ಷಿಸಿ: ರಾಷ್ಟ್ರ, ಶಾಸ್ತ್ರೀಯ, ಸೂರ್ಯ, ರ‍್ಯಾಂಕ್. ‘ಸೂರ್ಯ’ದಲ್ಲಿ ಅರ್ಕಾವತ್ತು ಯಕಾರದ ಬಲಕ್ಕೆ ಬರಬೇಕು, ‘ರ‍್ಯಾಂಕ್’ನಲ್ಲಿ ರಕಾರ ಇಡಿಯಾಗಿ ನಿಂತು ಯಒತ್ತು ಅದರ ಕೆಳಗೆ ಕೂರಬೇಕು. ಎರಡನೆಯದಕ್ಕೆ ಕಣ್ಣಿಗೆ ಕಾಣದ ಒಂದು ಜೋಡಕ ಸಂಕೇತ ಬೇಕು. ಅದನ್ನು ಅರಿಯದ ಆ್ಯಪ್ ಎರಡನ್ನೂ ಒಂದೇ ರೀತಿ ತೋರಿಸಿಬಿಡುತ್ತದೆ. ಕನ್ನಡ ಕಲಿಸಿದ ಮೇಷ್ಟ್ರ ಕಣ್ಣಿಗೆ ಅದು ಖಂಡಿತ ಚುಚ್ಚುತ್ತದೆ.

ಕಿರುಪ್ರಕಾಶಕ:
ಕಿವಿಯೋದು ಅವರ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಬೀಗವನ್ನು ನಾನು ಕಳ್ಳರಿಗೆಂದು ಒಪ್ಪಿದ್ದೆ. ಅದು ಕೊಂಡವರ ಮುಂದೆಯೂ ಮುಚ್ಚಿಕೊಳ್ಳುತ್ತದೆ ಎಂಬುದು ಹೊಳೆದಿರಲಿಲ್ಲ. ನಮ್ಮ ಹಳೆಯ ಪುಸ್ತಕಗಳ ಕಡತಗಳೆಲ್ಲ ನುಡಿಯಲ್ಲೇ ಇವೆ. ಯೂನಿಕೋಡಿಗೆ ಪರಿವರ್ತಿಸಿದಾಗ ಒತ್ತಕ್ಷರ, ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪುವುದರಿಂದ ಪ್ರತಿ ಪುಟದ ಕರಡನ್ನೂ ಮತ್ತೆ ತಿದ್ದಬೇಕು, ಆ ಕೂಲಿ ಚಿಕ್ಕ ಪ್ರಕಾಶಕರಿಗೆ ಭಾರ. ಆದರೂ ಇನ್ನು ಮುಂದೆ ಬರುವ ಪುಸ್ತಕಗಳನ್ನು ಮೊದಲಿನಿಂದಲೇ ಯೂನಿಕೋಡಿನಲ್ಲಿ ಜೋಡಿಸಿ, ಬೀಗದ ಬದಲು ಕೊಂಡವರ ಹೆಸರನ್ನು ಮೊದಲ ಪುಟದಲ್ಲಿ ಅಚ್ಚೊತ್ತಿದ ಇ-ಪಬ್ ಆಗಿ ನೇರವಾಗಿ ಮಾರಲು ಮುಂದಿನ ಎರಡು ಪುಸ್ತಕಗಳಿಂದ ಪ್ರಯತ್ನಿಸುತ್ತೇನೆ. ಮಳಿಗೆಯ ಆ್ಯಪ್‌ಗಳಲ್ಲಿಯೂ ಅವು ಇರುತ್ತವೆ, ಏಕೆಂದರೆ ಹೊಸ ಓದುಗರು ನಮ್ಮನ್ನು ಕಂಡುಕೊಳ್ಳುವುದು ಅಲ್ಲಿಯೇ.

ಹಳೇ ಓದುಗ:
ಹಾಗೆ ಮಾಡಿದರೆ ಮೊದಲು ಕೊಳ್ಳುವವರಲ್ಲಿ ನಾನೊಬ್ಬ. ನನ್ನ ಹೆಸರು ಅಚ್ಚಾಗಿರುವ ಪುಸ್ತಕವನ್ನು ನಾನು ಊರಿಗೆಲ್ಲ ಹಂಚುವುದಿಲ್ಲ.

ತುಂಗಾತೀರ:
ಎಲ್ಲರಿಗೂ ವಂದನೆಗಳು. ಭಾನುವಾರ ಇಡೀ ಮಧ್ಯಾಹ್ನ ಅಮ್ಮನ ಪಕ್ಕದಲ್ಲಿ ಕುಳಿತು ಪರೀಕ್ಷಿಸಿದೆ. ಕೆಒರೀಡರ್‌ನ ಮರುಜೋಡಣೆಯಲ್ಲಿ ‘ಅಜ್ಜ’ನ ಜಒತ್ತು ಕಳಚಿ ಬಿದ್ದದ್ದನ್ನು ಕಂಡು ಅಮ್ಮ ಬೇಡವೆಂದರು. ರೀಡ್‌ಎರಾದಲ್ಲಿ ಸಾಲಿನ ಅಂತರ ಹೆಚ್ಚಿಸಿ, ಎಡಕ್ಕೆ ಹೊಂದಿಸಿ, ಪರದೆಗೆ ಒಂಬತ್ತು ಸಾಲು ಬರುವಷ್ಟು ಅಕ್ಷರ ದೊಡ್ಡದು ಮಾಡಿಕೊಟ್ಟೆ. ವಿಕಿಸೋರ್ಸ್‌ನ ಇ-ಪಬ್ ಒಂದನ್ನು ಕನ್ನಡಕ ತೆಗೆಯದೆ ಮುಕ್ಕಾಲು ಗಂಟೆ ಓದಿದರು. ಕೊಂಡ ಪುಸ್ತಕಗಳು ಮೈಲ್ಯಾಂಗ್‌ನಲ್ಲೇ ಇರಲಿ, ಅದಕ್ಕಾಗಿ ಇನ್ನೊಂದು ಗುಂಡಿ ಒತ್ತುವುದು ತಮಗೇನೂ ಕಷ್ಟವಲ್ಲ ಎಂದರು. ಎಲ್ಲವೂ ಒಂದೇ ಕಡೆ ಇರಬೇಕೆಂಬ ಹಟ ನನ್ನದಾಗಿತ್ತೇ ಹೊರತು ಅವರದ್ದಲ್ಲ.

ಒಂದೇ ಪ್ರಶ್ನೆ ಉಳಿದಿದೆ. ಅಮ್ಮ ಈಗಾಗಲೇ ಇಷ್ಟವಾದ ಸಾಲುಗಳಿಗೆಲ್ಲ ಬಣ್ಣ ಹಚ್ಚಲು ಶುರುಮಾಡಿದ್ದಾರೆ. ಫೋನ್ ಬದಲಾಯಿಸಿದರೆ ಅವು ಉಳಿಯುತ್ತವೆಯೇ?

ಅಕ್ಷರಬಳ್ಳಿ:
ತಾನಾಗಿ ಉಳಿಯುತ್ತವೆ ಎಂದು ನೆಚ್ಚಬೇಡಿ. ಹೊಂದಿಕೆಗಳ ಪಟ್ಟಿಯಲ್ಲಿ ಬ್ಯಾಕಪ್ ಆಯ್ಕೆ ಹುಡುಕಿ, ತಿಂಗಳಿಗೊಮ್ಮೆ ಬ್ಯಾಕಪ್ ಕಡತ ಮಾಡಿ, ಪುಸ್ತಕಗಳ ಫೋಲ್ಡರಿನೊಂದಿಗೆ ಅದನ್ನೂ ನಿಮ್ಮ ಕಂಪ್ಯೂಟರಿಗೆ ನಕಲಿಸಿಡಿ. ಹೊಸ ಫೋನ್ ಬಂದ ದಿನ ಮೊದಲು ಪುಸ್ತಕಗಳನ್ನು ಹಾಕಿ, ಆಮೇಲೆ ಬ್ಯಾಕಪ್ ತೆರೆಯಿರಿ. ಹಳೆಯ ಫೋನನ್ನು ಅಳಿಸುವ ಮುನ್ನ ಅಮ್ಮ ಬಣ್ಣ ಹಚ್ಚಿದ ಒಂದು ಸಾಲಾದರೂ ಹೊಸದರಲ್ಲಿ ಕಾಣುತ್ತದೆಯೇ ಎಂದು ಅವರಿಂದಲೇ ನೋಡಿಸಿ.