ಸೊಗದೆ ಬೇರಿನ ಸಿರಪ್: ಬೆಂಜೋಯೇಟ್ ಹಾಕಿದರೂ ಕೆಡುತ್ತಿದೆ

ಪುತ್ತೂರು_ಅಡುಗೆ:
ಮನೆಯಲ್ಲೇ ಸಿರಪ್ ಮಾಡಿ ಮಾರುತ್ತೇವೆ. ಪುನರ್ಪುಳಿಯದ್ದು (ಕೋಕಂ) ವರ್ಷವಾದರೂ ಕೆಡುವುದಿಲ್ಲ. ಸೊಗದೆ ಬೇರಿನದ್ದು (ನನ್ನಾರಿ) ಮಾತ್ರ ತಿಂಗಳೊಳಗೆ ಹಾಳು. ಮುಚ್ಚಳ ತೆಗೆದರೆ ಬುಸ್ ಅನ್ನುತ್ತದೆ, ಬಾಟಲಿಯ ಕುತ್ತಿಗೆಯಲ್ಲಿ ಬಿಳಿ ಬೂಷ್ಟು. ಕೆಡದಿರಲಿ ಅಂತ ಎರಡಕ್ಕೂ ಕೆಜಿಗೆ 0.7 ಗ್ರಾಂ ಸೋಡಿಯಂ ಬೆಂಜೋಯೇಟ್ ಹಾಕುತ್ತೇವೆ. ಸೊಗದೆಗೆ ಇನ್ನೂ ಜಾಸ್ತಿ ಬೇಕಾ?

ಹಣ್ಣುಪಾಕ:
ದಯವಿಟ್ಟು ಜಾಸ್ತಿ ಹಾಕಬೇಡಿ. 0.7 ಗ್ರಾಂ ಅಂದರೆ ಬೆಂಜೋಯಿಕ್ ಆಸಿಡ್ ಲೆಕ್ಕದಲ್ಲಿ ಸುಮಾರು 600 ಪಿಪಿಎಂ (ಹತ್ತು ಲಕ್ಷ ಪಾಲಿಗೆ 600 ಪಾಲು). ಸ್ಕ್ವಾಷ್, ಸಿರಪ್‌ಗೆ ನಮ್ಮಲ್ಲಿ ರೂಢಿಯಲ್ಲಿರುವ ಮಿತಿಯೇ ಅಷ್ಟು. ನಿಮ್ಮ ಸಿರಪ್‌ಗೆ ಕಡಿಮೆ ಬಿದ್ದಿರುವುದು ಹುಳಿ.

ಹುಳಿ ಇದ್ದಾಗ ಬೆಂಜೋಯೇಟ್ ಬೆಂಜೋಯಿಕ್ ಆಸಿಡ್ ಆಗುತ್ತದೆ. ಆ ರೂಪದಲ್ಲಿದ್ದರೆ ಮಾತ್ರ ಅದು ಸಿರಪ್ ಹುದುಗಿಸಿ ಬುಸ್ ಅನ್ನಿಸುವ ಯೀಸ್ಟ್ ಕೋಶದ ಪೊರೆ ದಾಟಿ ಸಲೀಸಾಗಿ ಒಳಗೆ ಹೋಗುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಪಿಎಚ್ 3.5 ಇದ್ದರೆ ಹಾಕಿದ್ದರಲ್ಲಿ ನೂರಕ್ಕೆ 80 ಪಾಲು ಕೆಲಸಕ್ಕೆ ಬರುತ್ತದೆ. ಪಿಎಚ್ 6 ಆದರೆ 2 ಪಾಲೂ ಇಲ್ಲ! ಪುನರ್ಪುಳಿ ಮೊದಲೇ ಹುಳಿ. ಬೇರಿನ ಕಷಾಯಕ್ಕೆ ಹುಳಿ ಎಲ್ಲಿಂದ ಬರಬೇಕು?

ಸಿಟ್ರಿಕ್ ಆಸಿಡ್ ಸ್ವಲ್ಪ ಸ್ವಲ್ಪವೇ ಹಾಕಿ, ಪಿಎಚ್ ಪಟ್ಟಿಯಲ್ಲಿ (ಅದ್ದಿ ಬಣ್ಣ ನೋಡುವ ಕಾಗದ) ನೋಡುತ್ತಾ 3.5ಕ್ಕೆ ಇಳಿಸಿ. ನಿಂಬೆರಸ ಬೇಡ. ಅದರ ವಿಟಮಿನ್ ಸಿ ಬೆಂಜೋಯೇಟ್ ಜೊತೆ ಸೇರಿ, ಬಿಸಿಲು ಶಾಖ ತಾಗಿದರೆ, ತುಸು ಬೆಂಜೀನ್ ಹುಟ್ಟಬಹುದು. ಬೆಂಜೋಯೇಟನ್ನು ಮೊದಲು ಬಿಸಿನೀರಿನಲ್ಲಿ ಕರಗಿಸಿಕೊಳ್ಳಿ. ಪುಡಿಯನ್ನು ಹಾಗೇ ಉದುರಿಸಿದರೆ ಹುಳಿ ಸಿರಪ್‌ನಲ್ಲಿ ಗಸಿ ಕಟ್ಟುತ್ತದೆ.

ಬೂಷ್ಟು ಕುತ್ತಿಗೆಯಲ್ಲೇ ಯಾಕೆ? ಬಿಸಿಯಾಗಿ, ಅರ್ಧಂಬರ್ಧ ತುಂಬಿ ಮುಚ್ಚುತ್ತೀರಿ ಅಲ್ವಾ? ಆವಿ ಮುಚ್ಚಳದಡಿ ಹನಿಗಟ್ಟಿ ಕೆಳಗಿಳಿಯುತ್ತದೆ. ಆ ಹನಿಯಲ್ಲಿ ಸಕ್ಕರೆಯೂ ಇಲ್ಲ, ಬೆಂಜೋಯೇಟೂ ಇಲ್ಲ. ಮೇಲಿನ ಪದರ ನೀರಾಗಿ ಬೂಷ್ಟಿಗೆ ಜಾಗ ಸಿಗುತ್ತದೆ. ಬಿಸಿಯಾಗಿಯೇ ಕುತ್ತಿಗೆವರೆಗೆ ತುಂಬಿ, ಮುಚ್ಚಿ, ಗಾಜಿನ ಬಾಟಲಿಯನ್ನು ಕೆಲವು ನಿಮಿಷ ಮಲಗಿಸಿಡಿ.

ಕೆಟ್ಟ ಬಾಟಲಿಗಳನ್ನು ಸುಮ್ನೆ ಚೆಲ್ಲಿಬಿಡಿ. ಬೂಷ್ಟು ತೆಗೆದು ಮತ್ತೆ ಕುದಿಸಿದರೂ ಅದರ ವಿಷ ಎಲ್ಲವೂ ಹೋಗುವುದಿಲ್ಲ.

ಪುತ್ತೂರು_ಅಡುಗೆ:
ತುಂಬಾ ಥ್ಯಾಂಕ್ಸ್. ಅಂಗಡಿಯವರು ಎರಡಕ್ಕೂ ಬೆಂಜೋಯೇಟ್ ಬದಲು ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್) ಹಾಕಿ ಅಂದರು. ಆಗುತ್ತಾ?

ಹಣ್ಣುಪಾಕ:
ಪುನರ್ಪುಳಿಗಂತೂ ಬೇಡ, ಕೆಂಪು ಬಣ್ಣ ಬಿಳಿಚಿಕೊಳ್ಳುತ್ತದೆ. ಸೊಗದೆಯಲ್ಲೂ ಅದಕ್ಕೆ ಹುಳಿ ಬೇಕೇ ಬೇಕು, ಹಾಗಾಗಿ ಪ್ರಯೋಜನ ಕಾಣೆ. ಆಸ್ತಮಾ ಇರುವ ಕೆಲವರಿಗೆ ಸಲ್ಫೈಟ್ ಆಗಿಬರುವುದೂ ಇಲ್ಲ. ಬೆಂಜೋಯೇಟೇ ಸಾಕು. ಮಾರುತ್ತೀರಲ್ಲ, ಲೇಬಲ್ ಮೇಲೆ ಐಎನ್‌ಎಸ್ 211 (ಸೋಡಿಯಂ ಬೆಂಜೋಯೇಟಿನ ಸಂಕೇತ ಸಂಖ್ಯೆ) ಅಂತ ಮರೆಯದೆ ಹಾಕಿ.